ಬಂಗಲೆಯ ಬಾಗಿಲ ಯಂಕಣ್ಣ

ನಮ್ಮೂರಿನಲ್ಲಿ ಬಿಳಿಯರ ಕಾಲದ ಬಂಗಲೆಯೊಂದನ್ನು ಗುಲಾಮಗಿರಿಯ ಮ್ಯೂಸಿಯಂ ಮಾಡಿದ ಮೇಲೆ ಅದರ ಬಾಗಿಲು ಕಾಯುವ ಕೆಲಸ ಯಂಕಣ್ಣನದು. "ನಮ್ಮ ಹಿರ್ಯಾರು ಇದ ಬಾಗಿಲಾಗ ಚಪ್ಪಲಿ ಬಿಟ್ಟು, ಬರಿಗಾಲಾಗ ಸಾಹೇಬನ ಮುಂದ ನಿಂತಾರ, ತಿಳೀತೇನ್ರಿ" ಎಂದು ಸಂತೆಯ ತನಕ ಕೇಳುವ ದನಿಯಲ್ಲಿ ಹೇಳಿ ಹಲ್ಲು ಕಡಿಯುತ್ತಾನೆ. ಅದನ್ನು ಕೇಳುವವರೂ ಬರಿಗಾಲಲ್ಲೇ ನಿಂತಿರುತ್ತಾರೆ. ಫರಸಿ ಕಲ್ಲಿನ ನೆಲ ಹೊಲಸಾಗುತ್ತದೆಂದು ಗದರಿಸಿ ಚಪ್ಪಲಿ ಬಿಡಿಸಿದವನು ಅವನೇ. ಅಧಿಕಾರಿಗಳು ಬಂದರೆ ಮಾತ್ರ ಬೂಟು ಸಮೇತ ಒಳಗೆ ಕರೆದು ಪರದೆ ಎತ್ತಿ ಹಿಡಿಯುತ್ತಾನೆ. ಮೊನ್ನೆ ಅಂಥ ಅಧಿಕಾರಿಯೊಬ್ಬರು ಒಳಗಿದ್ದಾಗ, ಕೆಂಭಾವಿಯಿಂದ ಬಂದ ಅವನ ತಾಯಿ ಮಲ್ಲಾಬಾಯಿ ಚಪ್ಪಲಿ ಕೈಯಲ್ಲಿ ಹಿಡಿದು ಗೇಟಿನ ಹತ್ತಿರವೇ ಕುಳಿತುಬಿಟ್ಟಳು. "ಒಳಗ ಬಾ ಅವ್ವ, ಆ ಸಾಹೇಬ್ರೆಲ್ಲಾ ಹೋಗಿ ಭಾಳ ವರ್ಷ ಆತು" ಎಂದ ಯಂಕಣ್ಣ. ಆಕೆ ಕಿವಿಗೊಟ್ಟು ಆಲಿಸಿ ಕೇಳಿದಳು: "ಹಂಗಾದ್ರ ಒಳಗ ಬೂಟಿನ ಸಪ್ಪಳ ಯಾರದಪಾ?"