ಬಣ್ಣ ಬಳಿದ ಮುಚ್ಚಳ

ಪಕ್ಕದ ಮನೆಯ ಅಕ್ಕನ ಸಾವಿಗೆ ನಮ್ಮ ವಸತಿ ಸಮುಚ್ಚಯದ ನಿರ್ವಹಣಾ ಕಚೇರಿಯೇ ಹೊಣೆ. ಇದನ್ನು ಸುತ್ತಿ ಬಳಸಿ ಹೇಳುವ ತಾಳ್ಮೆ ನನ್ನಲ್ಲಿ ಉಳಿದಿಲ್ಲ.

ಕಳೆದ ವಾರ ಧೂಳಿನ ಗಾಳಿ ಎದ್ದು ರಿಯಾದ್ ಇಡೀ ಮಸುಕಾಗಿತ್ತು. ಬಾಲ್ಕನಿ ಗುಡಿಸಲೆಂದು ಬಾಗಿಲ ಹಿಂದೆ ಕೈಹಾಕಿದಾಗ ಸಿಕ್ಕಿದ್ದು ಅಕ್ಕನ ಹಿಡಿಸೂಡಿ. ತೆಂಗಿನ ಕಡ್ಡಿಗಳಿಗೆ ಅಂಟಿದ ಒಣ ಮಣ್ಣಿನ ವಾಸನೆ ಇನ್ನೂ ಹೋಗಿರಲಿಲ್ಲ... ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟೆ.

ಅಕ್ಕ ಉಡುಪಿ ಕಡೆಯವರು. ಇಲ್ಲಿನ ಒಲಾಯಾ ಬಡಾವಣೆಯ ಕ್ಲಿನಿಕ್ಕೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಅವರ ಬಳಿ ನೃತ್ಯಕ್ಕೆಂದೇ ಮಾಡಿದ ಲಾಂಗ್‌ಬೋರ್ಡ್, ಅಂದರೆ ಉದ್ದನೆಯ ಸ್ಕೇಟ್‌ಬೋರ್ಡ್ ಇತ್ತು. ನಾಲ್ಕು ಮೆತ್ತನೆಯ ಚಕ್ರಗಳ ಆ ಹಲಗೆ ಕಾಲಡಿಯಲ್ಲಿ ತುಸು ಬಾಗಿ ಮತ್ತೆ ಏಳುತ್ತಿತ್ತು. ಅದು ಉರುಳುತ್ತಿರುವಾಗಲೇ ಅಕ್ಕ ಒಂದು ಕಾಲಿನ ಮುಂದೆ ಇನ್ನೊಂದನ್ನು ಅಡ್ಡ ಇಡುತ್ತ ತುದಿಯವರೆಗೆ ನಡೆದು, ಅಲ್ಲೇ ಗಿರ್ರನೆ ತಿರುಗಿ, ಹಿಂದಿರುಗುತ್ತಿದ್ದರು. ಸಂಜೆ ಬಿಸಿಲು ಇಳಿದ ಮೇಲೆ ಕಟ್ಟಡದ ಹಿಂದಿನ ಸಿಮೆಂಟ್ ಅಂಗಳ ಅವರದು. ನಾವೆಲ್ಲ ಕಿಟಕಿಗಳಲ್ಲಿ.

ಮದುವೆ ದಿಬ್ಬಣಕ್ಕೂ ಇದರಲ್ಲೇ ಬರ್ತೀಯಾ ಎಂದು ಅಮ್ಮ ಒಮ್ಮೆ ಕೆಣಕಿದ್ದರು.

“ಹೌದು ಆಂಟಿ. ಹುಡುಗ ಹಿಂದಿನಿಂದ ಓಡಿಕೊಂಡು ಬರ್ಲಿ.”

ಸಣ್ಣ ಕಲ್ಲೊಂದು ಚಕ್ರಕ್ಕೆ ಸಿಕ್ಕರೂ ಹಲಗೆಯ ಮೇಲಿದ್ದವರು ಮುಂದಕ್ಕೆ ಎಸೆಯಲ್ಪಡುತ್ತಾರೆ. ಆದ್ದರಿಂದ ಹಲಗೆ ಏರುವ ಮೊದಲು ಅಕ್ಕ ಅಂಗಳವನ್ನು ಗುಡಿಸುತ್ತಿದ್ದರು. ಇಲ್ಲಿನ ಉದ್ದ ಹಿಡಿಯ ಪೊರಕೆ ಆಗದೆಂದು ಊರಿನಿಂದ ಈ ಹಿಡಿಸೂಡಿಯನ್ನು ಪೆಟ್ಟಿಗೆಯಲ್ಲಿ ತಂದಿದ್ದರು. ಹಾಗೆ ಗುಡಿಸುತ್ತಿದ್ದಾಗಲೇ ಚರಂಡಿ ಗುಂಡಿಯ ಮುಚ್ಚಳ ಒಡೆದದ್ದು ಅವರ ಕಣ್ಣಿಗೆ ಬಿತ್ತು. ಕಚೇರಿಗೆ ದೂರು ಕೊಟ್ಟರು. ಕಚೇರಿಯವರು ಒಂದು ತೆಳು ಪ್ಲೈವುಡ್ ತುಂಡು ಮುಚ್ಚಿ ಹೋದರು. ಅಕ್ಕ ಜಗಳವಾಡಿದರೆ ಕಚೇರಿಯವರು ಬುಕ್ರಾ ಎಂದರು, ಅಂದರೆ ನಾಳೆ. ಆ ನಾಳೆ ಬರುವವರೆಗೆ ಮಕ್ಕಳು ಕಾಲಿಡದಿರಲೆಂದು ಅಕ್ಕ ಪ್ಲೈವುಡ್ ಮೇಲೆ ಕೆಂಪು ಸೀಮೆಸುಣ್ಣದಿಂದ ದೊಡ್ಡ ಇಂಟು ಗುರುತು ಹಾಕಿದರು. ಮಾಸಿದಾಗಲೆಲ್ಲ ಮತ್ತೆ ಹಾಕಿದರು.

ಅವರು ರಜೆಯಲ್ಲಿ ಊರಿಗೆ ಹೋದರು. ನಾನೂ ಆಗ ಮಂಗಳೂರಿನಲ್ಲಿ ಎಂ.ಎ. ಪರೀಕ್ಷೆ ಬರೆಯುತ್ತಿದ್ದೆ. ಇಬ್ಬರೂ ಒಂದೇ ವಿಮಾನದಲ್ಲಿ ಮರಳಿದೆವು. ಅಂಗಳದಲ್ಲಿ ಗುರುತು ಇರಲಿಲ್ಲ. ಗುಂಡಿಯ ಮೇಲೆ ಕಬ್ಬಿಣದಂತೆ ಬೂದು ಬಣ್ಣದ, ನೀಟಾದ ಚೌಕ ಮುಚ್ಚಳ ಕೂತಿತ್ತು.

“ಅಂತೂ ಸರಿ ಮಾಡಿದ್ರು ಮಾರಾಯ್ತಿ. ನಾನು ಬೈದದ್ದು ಸ್ವಲ್ಪ ಹೆಚ್ಚಾಯ್ತು ಅಂತ ಕಾಣ್ತದೆ. ಹಲ್ವಾ ಕೊಟ್ಟು ಬರುವ, ಬಾ.”

ನಮ್ಮ ಊರಿನ ಮರ್ಯಾದೆ ಅದು. ಜಗಳವಾಡಿದವರ ಮನೆಗೆ ಸಿಹಿ ಹಿಡಿದುಕೊಂಡು ಹೋಗದೆ ಜಗಳ ಮುಗಿಯುವುದಿಲ್ಲ. ನಾನೂ ಜೊತೆಗಿದ್ದೆ. ಕಚೇರಿಯ ಸೂಪರ್‌ವೈಸರ್ ನಮ್ಮೆದುರೇ ಒಂದು ತುಂಡು ಬಾಯಿಗೆ ಹಾಕಿಕೊಂಡರು. ಮುಚ್ಚಳ ಹಾಕಿಸಿದ್ದಕ್ಕೆ ಅಕ್ಕ ಕೃತಜ್ಞತೆ ಹೇಳಿದರು. ಸೂಪರ್‌ವೈಸರ್ ಬೆರಳು ಒರೆಸಿಕೊಳ್ಳುತ್ತ, “ಶುಕ್ರನ್, ಸಿಸ್ಟರ್,” ಎಂದು ಹಲ್ವಾಕ್ಕೆ ಧನ್ಯವಾದ ಹೇಳಿದರು. ಅಷ್ಟೇ...

ಮರುದಿನ ಸಂಜೆ ಅಕ್ಕ ಅಂಗಳ ಗುಡಿಸಿ, ಹಿಡಿಸೂಡಿಯನ್ನು ನನ್ನ ಕೈಗಿತ್ತು ಹಲಗೆ ಏರಿದರು. ಬಹಳ ದಿನಗಳ ನಂತರ ಅಂಗಳದ ಪೂರ್ತಿ ಉದ್ದಕ್ಕೂ ಹೋದರು. ಬೂದು ಚೌಕದ ಮೇಲೆ ಮುಂದಿನ ಚಕ್ರಗಳು ಬಂದಾಗ ಅದು ಹಪ್ಪಳದಂತೆ ಮುರಿಯಿತು. ಹೆಲ್ಮೆಟ್ ಇತ್ತು. ಪೆಟ್ಟು ಬಿದ್ದದ್ದು ಕುತ್ತಿಗೆಗೆ.

ಮುರಿದ ತುಂಡುಗಳನ್ನು ನಾನು ನೋಡಿದ್ದೇನೆ. ಅದೇ ಹಳೆಯ ಪ್ಲೈವುಡ್. ತಪಾಸಣೆಯವರು ಬರುತ್ತಾರೆಂದು ಅದಕ್ಕೆ ಬಣ್ಣ ಬಳಿಸಿದ್ದರಂತೆ. ಬಳಿದ ಕೆಲಸಗಾರನೇ ಅಳುತ್ತ ಅಪ್ಪನಿಗೆ ಹೇಳಿದ. ಬಣ್ಣ ಎದ್ದುಹೋದಲ್ಲಿ ಅಕ್ಕನೇ ಎಳೆದ ಕೆಂಪು ಗೆರೆ ಕಾಣುತ್ತಿತ್ತು.

ಹಲಗೆಯನ್ನು ಉಳಿದ ಸಾಮಾನಿನೊಡನೆ ಊರಿಗೆ ಕಳುಹಿಸಿದೆವು. ನನ್ನ ಕೈಯಲ್ಲಿದ್ದ ಹಿಡಿಸೂಡಿ ಯಾರ ನೆನಪಿಗೂ ಬರದೆ ನಮ್ಮಲ್ಲೇ ಉಳಿಯಿತು. ಗುಂಡಿಯ ಜಾಗವೊಂದನ್ನು ಬಿಟ್ಟು ಆ ಅಂಗಳದಲ್ಲಿ ಈಗ ಕಾರುಗಳು ನಿಲ್ಲುತ್ತವೆ. ಸಂಜೆಯಾದರೆ ಕಿಟಕಿಗೆ ಯಾರೂ ಬರುವುದಿಲ್ಲ.

ಅಕ್ಕನ ತಾಯಿಗೆ ಕಚೇರಿ ತಿಳಿಸಿದ ಕಾರಣ ಒಂದೇ: ಆಟದಲ್ಲಿ ಅಜಾಗರೂಕತೆ. ದಿನವೂ ನೆಲ ಗುಡಿಸಿ ಕಾಲಿಡುತ್ತಿದ್ದವರನ್ನು ಅಜಾಗರೂಕರೆಂದು ಕರೆಯುವ ಹಕ್ಕು ಇವರಿಗೆ ಎಲ್ಲಿಂದ ಬಂತು?

ಆದ್ದರಿಂದ ನಿರ್ವಹಣಾ ಕಚೇರಿಯ ಮುಖ್ಯಸ್ಥರಲ್ಲಿ ನನ್ನ ಔಪಚಾರಿಕ ಕೋರಿಕೆ ಇದು. ಬಣ್ಣ ಬಳಿಯಲು ಆದೇಶಿಸಿದವರು ಯಾರೆಂದು ಲಿಖಿತವಾಗಿ ಉತ್ತರಿಸಿ. ಆ ತಾಯಿಗೆ ಹೇಳಿದ ಸುಳ್ಳನ್ನು ಹಿಂದಕ್ಕೆ ಪಡೆದು ಕ್ಷಮೆ ಕೇಳಿ. ಗುಂಡಿಗೆ ಕಬ್ಬಿಣದ ಮುಚ್ಚಳ ಹಾಕಿಸಿ, ಏಕೆಂದರೆ ಇಂದಿಗೂ ಅಲ್ಲಿರುವುದು ಇನ್ನೊಂದು ಪ್ಲೈವುಡ್ ತುಂಡು. ಇಂದು ಬೆಳಿಗ್ಗೆ ಅಕ್ಕನ ಹಿಡಿಸೂಡಿಯಿಂದ ಅದರ ಮೇಲಿನ ಧೂಳು ಗುಡಿಸಿ, ಕೆಂಪು ಇಂಟು ಗುರುತು ಹಾಕಿ ಬಂದಿದ್ದೇನೆ. ಅದರ ಮೇಲೆ ಮತ್ತೆ ಬಣ್ಣ ಬಳಿಸುವ ಮುನ್ನ ನನಗೆ ಉತ್ತರ ಬೇಕು.