ಪಹಣಿ ಇಲ್ಲದವಳು ಹೇಳಿಕೊಟ್ಟ ಕೃಷಿ

ಹೊಸನಗರದಾಚೆಯ ಮಂಜುನಾಥ ಗೌಡರ ಮನೆಯಿಂದ ಭವ್ಯಾಳಿಗೆ ಒಂಬತ್ತು ದಿನದ ಕೂಲಿ ಇನ್ನೂ ಬರಬೇಕು. ದಿನಕ್ಕೆ ಮುನ್ನೂರು ಎಂದು ಮಾತಾಗಿತ್ತು. ಕಳೆ ಕಿತ್ತ ಕೂಲಿಯಲ್ಲ, ಗೊಬ್ಬರ ಹೊತ್ತ ಕೂಲಿಯೂ ಅಲ್ಲ. ಗೌಡರ ಮಗಳು ಮೇಘನಾಳಿಗೆ ರಾಗಿ ಯಾವುದು, ಸಾಸಿವೆ ಯಾವುದು ಎಂದು ತೋರಿಸಿಕೊಟ್ಟ ಕೂಲಿ.

ಇಬ್ಬರೂ ಪಿಯುಸಿ ಸೈನ್ಸನ್ನು ಒಂದೇ ಬೆಂಚಿನಲ್ಲಿ ಕೂತು ಓದಿದವರು. ಇಬ್ಬರಿಗೂ ಬೇಕಾದದ್ದು ಬಿಎಸ್ಸಿ ಅಗ್ರಿ ಸೀಟು. ಸಿಇಟಿ ಅರ್ಜಿ ತುಂಬಲು ಒಂದೇ ದಿನ ಪೇಟೆಯ ಸೈಬರ್‌ಗೆ ಹೋದರು. ಅಂಗಡಿಯ ರವೀಶ್ ಪರದೆಯಿಂದ ಕಣ್ಣು ತೆಗೆಯದೆ ಕೇಳಿದ: "ಕೃಷಿಕರ ಕೋಟಾ ಹಾಕ್ಲಾ?"

ಮೇಘನಾ ಹೂಂ ಅಂದಳು. ಭವ್ಯಾ, "ನಂಗೂ ಹಾಕಿ ರವೀಶಣ್ಣ" ಅಂದಳು.

"ಪಹಣಿ ಯಾರ ಹೆಸ್ರಲ್ಲಿದೆ?"

"ಪಹಣಿ ಆಗಿಲ್ಲ. ಗದ್ದೆ ಇದೆ."

"ಗದ್ದೆ ಅಪ್‌ಲೋಡ್ ಮಾಡಕ್ಕಾಗಲ್ಲ ಮಾರಾಯ್ತಿ."

ಭವ್ಯಾಳ ಅಜ್ಜನ ಜಮೀನು ಶರಾವತಿ ಹಿನ್ನೀರಿನ ಕೆಳಗಿದೆ. ಅಣೆಕಟ್ಟೆಗೆಂದು ಎಬ್ಬಿಸಿದವರು ತಂದು ಕಾಡಂಚಿಗೆ ಬಿಟ್ಟರು. ಅಲ್ಲಿ ಎರಡೆಕರೆ ಹಸನು ಮಾಡಿ ಬತ್ತ ಬೆಳೆಯುತ್ತಿರುವವನು ಅಪ್ಪ ನಿಂಗಪ್ಪ. ಬೆಳೆ ವರ್ಷ ವರ್ಷ ಬಂತು, ಕಾಗದ ಬರಲಿಲ್ಲ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಕೃಷಿಕನೆಂಬ ಪ್ರಮಾಣಪತ್ರ ಕೊಡುವುದಿಲ್ಲ ಎಂದು ತಾಲ್ಲೂಕು ಕಚೇರಿಯವರು ಕೈತೊಳೆದುಕೊಂಡರು. ಭವ್ಯಾ ಬರೀ ರ‍್ಯಾಂಕಿನ ಬಲದ ಮೇಲೆ ಕಾಯಬೇಕಾಯಿತು.

ಕೋಟಾದವರಿಗೆ ಇನ್ನೊಂದು ಪರೀಕ್ಷೆ ಉಂಟು. ಮೇಜಿನ ಮೇಲೆ ಬೀಜ, ಗೊಬ್ಬರ, ಸಲಕರಣೆ ಸಾಲಾಗಿಟ್ಟು ಹೆಸರು ಕೇಳುತ್ತಾರೆ. ಮೇಘನಾ ಚಿಕ್ಕಂದಿನಿಂದ ಹಾಸ್ಟೆಲ್ಲಿನಲ್ಲಿದ್ದವಳು, ಗದ್ದೆ ನೋಡಿದ್ದೇನಿದ್ದರೂ ಕಾರಿನ ಕಿಟಕಿಯಿಂದ. ಅವಳಜ್ಜಿ ಜಲಜಮ್ಮ ಭವ್ಯಾಳಿಗೆ ಹೇಳಿಕಳಿಸಿದರು.

ಹೋಗಬಾರದು ಅಂದುಕೊಂಡೇ ಭವ್ಯಾ ಹೋದಳು. ಮುನ್ನೂರು ರೂಪಾಯಿಯ ಆಸೆ ಒಂದು. ಮೇಘನಾ ತಪ್ಪು ಹೇಳಿ ಪೆಚ್ಚಾಗುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅದಕ್ಕಿಂತ ದೊಡ್ಡದು.

ಮೊದಲ ದಿನವೇ ಮೇಘನಾ ಹುರುಳಿಯನ್ನು ಮೆಂತ್ಯ ಅಂದಳು. ಭವ್ಯಾ ಕಿಸಕ್ಕನೆ ನಕ್ಕಳು.

"ಎಂತಕ್ಕೆ ಹಲ್ಲು ಕಿಸೀತಿಯೇ? ನಗಕ್ಕೆ ಕೂಲಿ ಕೊಡದಲ್ಲ ನಾನು," ಅಂದರು ಜಲಜಮ್ಮ.

"ಕೂಲಿ ಹೇಳ್ಕೊಡಕ್ಕೆ ಕಣಮ್ಮ. ನಗೋದು ಪುಕ್ಕಟೆ."

ಮುದುಕಿಗೂ ನಗು ಬಂತು. ಮೇಘನಾಳಿಗೂ ಬಂತು. ಭವ್ಯಾಳ ಹೊಟ್ಟೆ ಉರಿದದ್ದು ಅದಕ್ಕೇ. ತಪ್ಪಿದರೂ ನಗಬಲ್ಲಳಲ್ಲ ಇವಳು! ಒಂದು ಅಂಕ ಹೋದರೆ ಭವ್ಯಾಳಿಗೆ ಅನ್ನ ಇಳಿಯುವುದಿಲ್ಲ, ಇವಳು ಮೊಬೈಲು ತಿಕ್ಕುತ್ತ, "ಯೂರಿಯಾನಾ ಉಪ್ಪಾ? ಎಂತದೋ ಒಂದು ಬಿಡೇ" ಅನ್ನುತ್ತಾಳೆ. ದಿನಾ ಮನೆಗೆ ನಡೆಯುವಾಗ ಭವ್ಯಾ ಅವಳ ಕೈ ನೆನೆಸಿಕೊಳ್ಳುತ್ತಿದ್ದಳು. ನೇಗಿಲ ಮೇಣಿ ಮುಟ್ಟದ ಕೈ. ಅದೇ ಕೈ ಕೃಷಿಕರ ಮಗಳೆಂದು ಸಹಿ ಹಾಕಿದೆ.

ಎಂಟನೇ ದಿನ ಮೇಘನಾ ಬೀಜದ ತಟ್ಟೆ ಸರಿಸಿ ಹೇಳಿದಳು: "ಸೀಟ್ ಸಿಕ್ಕಿದ್ಮೇಲೆ ಯಾರ್ ಗದ್ದೆಗಿಳೀತಾರೆ ಮಾರಾಯ್ತಿ? ಡಿಗ್ರಿ ಮುಗ್ಸಿ ಬ್ಯಾಂಕ್ ಎಕ್ಸಾಮ್ ಬರೀತೀನಿ ನಾನು."

ತಟ್ಟೆಯಲ್ಲಿ ಉಳಿದಿದ್ದದ್ದು ಸೆಣಬು ಮತ್ತು ಡಯಾಂಚ. ಎರಡೂ ಹಸಿರೆಲೆ ಗೊಬ್ಬರಕ್ಕೆಂದು ಗದ್ದೆಗೆ ಚೆಲ್ಲುವ ಬೀಜ. ಭವ್ಯಾ ಸೆಣಬು ತೋರಿಸಿ ಡಯಾಂಚ ಅಂದಳು, ಡಯಾಂಚ ತೋರಿಸಿ ಸೆಣಬು ಅಂದಳು. ಮೇಘನಾ ನಂಬಿ ಬರೆದುಕೊಂಡಳು. ಒಂಬತ್ತನೇ ದಿನ ಪುಸ್ತಕ ತೆರೆದು ಎಲ್ಲವನ್ನೂ ಒಪ್ಪಿಸಿದಳು. ತಿದ್ದಲು ಆಗಲೂ ಹೊತ್ತಿತ್ತು. ಭವ್ಯಾ, "ಸರಿಯಿದೆ" ಅಂದಳು.

ಪರೀಕ್ಷೆಯಲ್ಲಿ ಎರಡೂ ಬೀಜ ಬಂದವು, ಎರಡೂ ತಪ್ಪಾದವು. ಆದರೂ ಮೇಘನಾಳಿಗೆ ಸೀಟು ಸಿಕ್ಕಿತು. ಭವ್ಯಾಳ ರ‍್ಯಾಂಕಿಗೆ ಸಿಗಲಿಲ್ಲ. ಹಲ್ಲಿ ಹಾಲಿಗೆ ಬಿದ್ದರೂ ಗೌಡರ ಮನೆಯವರಿಗೆ ಪಾಯಸ.

ಕೂಲಿ ಕೇಳಲು ಹೋದ ದಿನ ಜಗಲಿಯಲ್ಲಿ ಗೌಡರು, ಜಲಜಮ್ಮ, ಮೇಘನಾ ಮೂವರೂ ಇದ್ದರು.

"ಸೆಣಬು, ಡಯಾಂಚ ಅದಲು ಬದಲು ಹೇಳಿದ್ಯಲ್ಲ. ನಿಂಗೇ ಗೊತ್ತಿರ್ಲಿಲ್ವಾ?" ಎಂದು ಮೇಘನಾ ಕೇಳಿದಳು.

ಸುಳ್ಳು ಹೇಳಿ ಜಾರಿಕೊಳ್ಳಬಹುದಿತ್ತು. ಗೊತ್ತಿರಲಿಲ್ಲ ಅನ್ನಲು ಭವ್ಯಾಳ ನಾಲಿಗೆ ಒಪ್ಪಲಿಲ್ಲ. "ಗೊತ್ತಿತ್ತು. ಬೇಕಂತ್ಲೇ ಹೇಳ್ದೆ. ಹೊಟ್ಟೆ ಉರೀತು, ಹೇಳ್ದೆ."

ಮೇಘನಾ ಎದ್ದು ಒಳಗೆ ಹೋದಳು.

"ಉಂಡ ಮನೆಗೆ ಎರಡು ಬಗೀತಾಳೆ! ಇಂಥವ್ಳಿಗೆ ಕೂಲಿ ಬೇರೆ ಕೇಡು," ಅಂದರು ಜಲಜಮ್ಮ.

"ಎರಡು ಬೀಜದ್ದು ಮುರ್ಕಳಿ ಅಮ್ಮ. ಉಳಿದದ್ದು ಸರಿಯಾಗೇ ಹೇಳ್ಕೊಟ್ಟಿದೀನಿ." ಅಷ್ಟು ಹೇಳಿ ಭವ್ಯಾ ಗೌಡರ ಕಡೆ ತಿರುಗಿದಳು. ಉಳುವ ಗದ್ದೆಯನ್ನು ತನ್ನ ಹೆಸರಿಗೆ ಮಾಡಿಕೊಡಿ ಎಂದು ಅಪ್ಪ ಬರೆಸಿದ್ದ ಸಾಗುವಳಿ ಅರ್ಜಿಯನ್ನು ಚೀಲದಿಂದ ತೆಗೆದಳು. ಪಕ್ಕದ ಜಮೀನಿನವರು ಸಾಕ್ಷಿ ಹಾಕುವ ಜಾಗ ಅದರಲ್ಲಿ ಖಾಲಿಯಿತ್ತು. "ಕೂಲಿ ಯಾವತ್ತಾದ್ರೂ ಕೊಡಿ ಗೌಡ್ರೇ. ನಮ್ಮಪ್ಪ ಉಳ್ತಾನೆ ಅಂತ ಇಲ್ಲೊಂದು ಸಹಿ ಹಾಕಿ. ಬರೋ ವರ್ಷ ನಾನು ಮತ್ತೆ ಬರೀತೀನಿ."

"ಸಹಿ ಅಂದ್ರೆ ಹುಡುಗಾಟನಾ? ನಾಳೆ ಫಾರೆಸ್ಟಿನವ್ರು ಬಂದ್ರೆ ಕೋರ್ಟಿಗೆ ಅಲಿಯೋನು ನಾನು."

"ನಿಮ್ಮ ಗದ್ದೆಗೆ ನೀರು ಬರೋದು ನಮ್ಮಪ್ಪನ ಗದ್ದೆ ದಾಟಿ. ಅವ್ನು ಉಳ್ತಾನೋ ಇಲ್ವೋ, ನಿಮಗೆ ಗೊತ್ತಿಲ್ವಾ?"

ಗೌಡರು ಪಕ್ಕದಲ್ಲಿದ್ದ ನ್ಯೂಸ್‌ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು.

ಭವ್ಯಾ ಮಾಡಿದ್ದು ಮೋಸ, ಅದನ್ನು ಅವಳೇ ಒಪ್ಪಿಕೊಂಡಿದ್ದಾಳೆ. ಇನ್ನು ಇದನ್ನು ಓದುತ್ತಿರುವ ನಿಮ್ಮ ಮಾತು. ಸಾಗರವಿರಲಿ, ತೀರ್ಥಹಳ್ಳಿಯಿರಲಿ, ನಿಮ್ಮ ಬದುವಿನಾಚೆ ಪಹಣಿಯಿಲ್ಲದೆ ಉಳುವವನು ಯಾರೆಂದು ನಿಮಗೆ ಗೊತ್ತು. ಮುಂದಿನ ಸಿಇಟಿ ಅರ್ಜಿ ಶುರುವಾಗುವುದರೊಳಗೆ ಅವನ ಕಾಗದಕ್ಕೆ ಸಾಕ್ಷಿ ಹಾಕಿ. ಹಾಕುವುದಿಲ್ಲವೋ, ಯಾಕೆ ಹಾಕುವುದಿಲ್ಲ ಎಂದು ಅವನ ಮಗಳ ಮುಖ ನೋಡಿ ಹೇಳಿ.