ಬಣ್ಣ ತೆಗೆಯುವ ಕೆಲಸ

ಕೆಂಪು ಮೆಣಸಿನಕಾಯಿಯನ್ನೂ ಹಸಿರು ಮೆಣಸಿನಕಾಯಿಯನ್ನೂ ಒಂದೇ ತಟ್ಟೆಯಲ್ಲಿಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಆಮೇಲೆ ಅದನ್ನು ಕಪ್ಪು-ಬಿಳುಪಿಗೆ ತಿರುಗಿಸಿರಿ. ಯಾವುದು ಕೆಂಪು, ಯಾವುದು ಹಸಿರು ಎಂಬುದು ತಟ್ಟೆ ಇಟ್ಟ ನಿಮಗೇ ತಿಳಿಯುವುದಿಲ್ಲ. ಇಷ್ಟು ಸಣ್ಣ ಸತ್ಯವನ್ನು ಕಂಡುಕೊಳ್ಳಲು ನಾನು ಒಮ್ಮೆ ಮನೆಯಲ್ಲಿದ್ದ ಮೆಣಸಿನಕಾಯಿಯನ್ನೆಲ್ಲ ಮಧ್ಯಾಹ್ನವಿಡೀ ಅಂಗಳದ ಬಿಸಿಲಿನಲ್ಲಿ ಬಾಡಿಸಿದ್ದೆ. ಹೆಂಡತಿ ಸುನಂದಾ ಬಂದು ನೋಡಿದಳು. "ಚಟ್ನಿ ಮಾಡೂದಿತ್ತು, ನೀವು ಫೋಟೋ ಮಾಡೀರಿ. ಇನ್ನ ಅದನ್ನ ರೊಟ್ಟಿಗಿ ಹಚ್ಚಕೊಂಡ ತಿನ್ರಿ" ಎಂದು ಒಳಗೆ ಹೋದಳು.

ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಲೆಕ್ಕಶಾಸ್ತ್ರ ಕಲಿಸುತ್ತೇನೆ. ಸಂಜೆ ಹೊತ್ತು ಬಣ್ಣ ತೆಗೆಯುತ್ತೇನೆ. ಕೆಲವರಿಗೆ ಎಲೆಯಡಿಕೆ, ಕೆಲವರಿಗೆ ಇಸ್ಪೀಟು, ನನಗೆ ಇದು. ಮೊಬೈಲು ಕೊಟ್ಟ ಚಿತ್ರವನ್ನು ಕಂಪ್ಯೂಟರಿಗೆ ಹಾಕಿಕೊಂಡು ಅದರ ಬಣ್ಣ ಇಳಿಸುತ್ತ ಕೂತರೆ ಚಹ ಆರಿದ್ದೂ ಗೊತ್ತಾಗುವುದಿಲ್ಲ. ನಿಪ್ಪಾಣಿಯ ತಂಬಾಕಿನ ಎಲೆ, ಅಥಣಿಯ ಚಪ್ಪಲಿಯ ಸಾಲು, ಕಾಗವಾಡದ ದಾರಿಯಲ್ಲಿ ಹೂಬಿಟ್ಟ ಕಬ್ಬು, ಇವೆಲ್ಲ ನನ್ನ ಕೈಯಲ್ಲಿ ಬಣ್ಣ ಕಳೆದುಕೊಂಡಿವೆ. ಸುನಂದಾಳ ತವರೂರು ಸದಲಗಾದ ಎಮ್ಮೆಗಳು ಮಾತ್ರ ನನಗೆ ಹೆಚ್ಚು ಕೆಲಸ ಕೊಡಲಿಲ್ಲ. ದೇವರೇ ಅವುಗಳನ್ನು ಅರ್ಧ ಮುಗಿಸಿ ಕಳಿಸಿದ್ದ.

ಬಣ್ಣ ತೆಗೆಯುವುದೆಂದರೆ ಒಂದು ಗುಂಡಿ ಒತ್ತುವುದು ಎಂದು ತಿಳಿದವರು ಬಹಳ. ಒತ್ತಿದರೂ ಆಗುತ್ತದೆ, ಆದರೆ ಬರುವ ಚಿತ್ರ ಉಪ್ಪಿಲ್ಲದ ಸಾರಿನಂತಿರುತ್ತದೆ. ನಿಜವಾದ ಕೆಲಸ ಆಮೇಲಿನದು. ಕೆಂಪು ಎಷ್ಟು ಬೆಳ್ಳಗಾಗಬೇಕು, ಹಳದಿ ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಎಂದು ಕಂಪ್ಯೂಟರು ಒಂದೊಂದಾಗಿ ಕೇಳುತ್ತದೆ. ಪ್ರತಿ ಬಣ್ಣಕ್ಕೂ ಒಂದು ಪಟ್ಟಿ, ಪಟ್ಟಿಯ ಮೇಲೆ ಜಾರುವ ಒಂದು ಗುಂಡಿ. ನೀಲಿಯದನ್ನು ಇಳಿಸಿದರೆ ಆಕಾಶ ಕಪ್ಪಾಗಿ ಮಳೆ ಬರುವ ಹಾಗೆ ಕಾಣುತ್ತದೆ. ಕೆಂಪಿನದನ್ನು ಏರಿಸಿದರೆ ಮನುಷ್ಯರ ಮುಖಕ್ಕೆ ಕಳೆ ಬರುತ್ತದೆ, ಏಕೆಂದರೆ ನಮ್ಮ ಮಂದಿಯ ಚರ್ಮದಲ್ಲಿ ಕೆಂಪೇ ಹೆಚ್ಚು. ಕಪ್ಪು-ಬಿಳುಪು ಎಂಬ ಹೆಸರೂ ಅಷ್ಟು ಸರಿಯಲ್ಲ. ಅದರಲ್ಲಿ ಕಪ್ಪು ಸ್ವಲ್ಪ, ಬಿಳುಪು ಸ್ವಲ್ಪ, ಉಳಿದದ್ದೆಲ್ಲ ಬೂದು. ಲೆಕ್ಕದ ಮೇಷ್ಟರಾದ ನನಗೆ ಇದು ಬಹಳ ದಿನ ತಡೆದುಕೊಳ್ಳಲಾಗದ ವಿಷಯವಾಗಿತ್ತು.

ಸುನಂದಾಳಿಗೆ ಬಣ್ಣವೆಂದರೆ ಪ್ರಾಣ. ಅವಳದೊಂದು ಇಳಕಲ್ ಸೀರೆಯಿತ್ತು, ಹಸಿರು ಒಡಲು, ಕೆಂಪು ದಡಿ. ಅದನ್ನುಟ್ಟು ಫೋಟೋಕ್ಕೆ ನಿಂತಳು. ನಾನು ಅದನ್ನೂ ಸುಮ್ಮನೆ ಬಿಡಲಿಲ್ಲ. ಮೆಣಸಿನಕಾಯಿಗೆ ಆದದ್ದೇ ಸೀರೆಗೂ ಆಯಿತು. ಒಡಲು ಯಾವುದು, ದಡಿ ಯಾವುದು ಎಂದು ತಿಳಿಯದ ಹಾಗೆ ಎಲ್ಲ ಒಂದೇ ಬೂದಾಯಿತು. "ಎರಡ ಬಣ್ಣದ್ದ ಸೀರಿ ಉಟ್ಟ ನಿಂತಿದ್ನಿ, ಒಂದ ಬಣ್ಣದ್ದ ಮಾಡಿ ಕೊಟ್ಟೀರಿ. ಅಂಗಡ್ಯಾವ ಹಿಂಗ ಮಾಡಿದ್ರ ಜಗಳ ತಗೀತಿದ್ನಿ, ನಿಮಗ ಏನ್ ಅನ್ಲಿ?" ಎಂದಳು. ಅಂದಿನಿಂದ ಅವಳು ನನ್ನ ಕೆಲಸಕ್ಕೆ "ಒಗ್ಯಾಣ" ಎಂದು ಹೆಸರಿಟ್ಟಳು. ಯಾರಾದರೂ ಮನೆಗೆ ಬಂದು ನನ್ನನ್ನು ಕೇಳಿದರೆ, "ಒಳಗ ಅದಾರ್ರಿ, ಬಣ್ಣ ಹೋಗೂ ಹಂಗ ಒಗ್ಯಾಕತ್ತಾರ" ಎನ್ನುತ್ತಿದ್ದಳು.

ಸದಲಗಾದ ಅವಳ ತವರುಮನೆಯಲ್ಲಿ ಪಡಸಾಲೆಯ ಗೋಡೆಯ ಮೇಲೆ, ಜಂತಿಗೆ ತಾಗುವಷ್ಟು ಎತ್ತರದಲ್ಲಿ, ಹಿರಿಯರ ಫೋಟೋಗಳಿವೆ. ಎಲ್ಲವೂ ಕಪ್ಪು-ಬಿಳುಪಿನವು. ನಡುವಿನದು ಸುನಂದಾಳ ಅಜ್ಜಿಯದು, ಎಂದರೆ ನಮ್ಮ ಅತ್ತೆಯ ತಾಯಿಯದು. ಆಕೆಯ ಹಣೆಯ ಮೇಲಿನ ಕುಂಕುಮ ಹಳೆಯ ರೂಪಾಯಿಯಷ್ಟು ಅಗಲ, ಕಾಡಿಗೆಯಷ್ಟು ಕಪ್ಪು. ಹಿಂದಿನ ಕಾಲದ ಫಿಲ್ಮಿಗೆ ಕೆಂಪು ಕಾಣುತ್ತಲೇ ಇರಲಿಲ್ಲವಂತೆ. ತನಗೆ ಕಾಣದ್ದನ್ನೆಲ್ಲ ಅದು ಕಪ್ಪೆಂದೇ ಬರೆದಿಡುತ್ತಿತ್ತು. ಈ ವಿದ್ಯೆಯನ್ನು ನಾನು ಅತ್ತೆಯವರಿಗೆ ಒಮ್ಮೆ ವಿವರಿಸಿದ್ದೆ. ಅವರು ಎಲ್ಲ ಕೇಳಿ, "ಫಿಲಮಿಗೆ ಕಾಣಲಿ ಬಿಡಲಿ, ನಮ್ಮವ್ವ ಕುಂಕುಮದ ಜೋಡಿ ಹೋದಾಕಿ. ಅಷ್ಟ ಕಾಣತೈತಲ್ರಿ" ಎಂದಿದ್ದರು.

ಈಗ ಸತ್ತವರೂ ಬಣ್ಣದಲ್ಲೇ ಇರುತ್ತಾರೆ. ಏಕಸಂಬಿಯ ಕಡೆ ಹೋಗುವಾಗ ರಸ್ತೆಯಂಚಿಗೆ ಶ್ರದ್ಧಾಂಜಲಿಯ ಫ್ಲೆಕ್ಸುಗಳು ಕಾಣುತ್ತವೆ, ಒಂದು ಸಾಲು ಕನ್ನಡ, ಒಂದು ಸಾಲು ಮರಾಠಿ. ತೀರಿಕೊಂಡವರ ಹಿಂದೆ ನೀಲಿ ಆಕಾಶ, ಹಿಮದ ಬೆಟ್ಟ, ಎರಡು ಬದಿಗೆ ಗುಲಾಬಿ. ಪಕ್ಕದಲ್ಲೇ ಯಾರದೋ ಹುಟ್ಟುಹಬ್ಬದ ಫ್ಲೆಕ್ಸು, ಅದೇ ಆಕಾಶ, ಅದೇ ಗುಲಾಬಿ. ಕೆಳಗಿನ ಅಕ್ಷರ ಓದಿದ ಮೇಲೆಯೇ ನಗಬೇಕೋ ನಮಸ್ಕಾರ ಮಾಡಬೇಕೋ ಎಂದು ತಿಳಿಯುವುದು. ಇದನ್ನು ನೋಡಿದಾಗಲೆಲ್ಲ ನಾನು ಮೂಗು ಮುರಿಯುತ್ತಿದ್ದೆ. ನನ್ನ ಪಕ್ಕ ಕೂತ ಸುನಂದಾ, "ಸತ್ತವರರ ಒಂದ ಸಲ ಕಾಶ್ಮೀರ ನೋಡ್ಲಿ ಬಿಡ್ರಿ" ಎನ್ನುತ್ತಿದ್ದಳು.

ಆಮೇಲೆ ಅವಳಿಗೆ ಕಾಮಣಿ, ಎಂದರೆ ಕಾಮಾಲೆ, ಆಯಿತು. ಮೊದಲು ಊರ ಔಷಧ, ಆಮೇಲೆ ಮಿರಜಿನ ದವಾಖಾನೆ. ಸಾದಾ ಕಾಮಣಿಯಲ್ಲ, ಯಕೃತ್ತೇ ಸೋತಿದೆ ಎಂದರು. ಬಸ್ಸಿನಲ್ಲಿ ಹೋಗುವುದು, ಬರುವುದು, ಮತ್ತೆ ಹೋಗುವುದು. ಹಾಗೆ ಮನೆಗೆ ಬಂದಿದ್ದ ಒಂದು ದಿನ ಬೆಳಿಗ್ಗೆ ಅವಳು ತಾನೇ ತಲೆ ಬಾಚಿಕೊಂಡು, ಹಣೆಗೆ ಕುಂಕುಮವಿಟ್ಟುಕೊಂಡು, ಆ ಇಳಕಲ್ ಸೀರೆಯನ್ನೇ ಉಟ್ಟು ಬಾಗಿಲ ಮೆಟ್ಟಿಲ ಮೇಲೆ ಕೂತಳು. "ಒಂದ ಛಲೋ ಫೋಟೋ ತಗೀರಿ. ಹಾಸಿಗ್ಯಾಗಿಂದ ಬ್ಯಾಡ" ಎಂದಳು. ಯಾಕೆಂದು ಇಬ್ಬರಿಗೂ ಗೊತ್ತಿತ್ತು.

ತೆಗೆದದ್ದನ್ನು ತೋರಿಸಿದೆ. ನಗು ಅವಳದೇ, ಮೊದಲಿನದೇ. ಆದರೆ ಕಣ್ಣಿನ ಬಿಳಿಭಾಗವೆಲ್ಲ ಹಳದಿ, ಕೆನ್ನೆ ಹಳದಿ, ಮಡಿಲಲ್ಲಿಟ್ಟ ಕೈಯೂ ಹಳದಿ. ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಅರಿಷಿಣ ಹಚ್ಚಿದ ಮದಲಗಿತ್ತಿ ಹಂಗ ಕಾಣಾಕತ್ತೀನಿ" ಎಂದಳು. ಮೊಬೈಲನ್ನು ನನ್ನ ಕೈಗೆ ಕೊಟ್ಟು, "ಇದನ್ನ ನಿಮ್ಮ ಕಪ್ಪು-ಬಿಳುಪು ಮಾಡ್ರಿ. ಅವ್ವಗ ಹಿಂಗ ತೋರಸಬ್ಯಾಡ್ರಿ" ಎಂದಳು. ಇಷ್ಟು ವರ್ಷ ನನ್ನ ಒಗ್ಯಾಣವನ್ನು ಹಂಗಿಸಿದವಳು ತಾನಾಗಿ ಒಂದು ಫೋಟೋ ಕೊಟ್ಟದ್ದು ಅದೊಂದೇ.

ಅವಳಿರುವಾಗ ಅದನ್ನು ಮಾಡಲು ಆಗಲಿಲ್ಲ. ದಿನಕರ್ಮಗಳೆಲ್ಲ ಮುಗಿದ ಮೇಲೆ, ಅತ್ತೆಯವರು ಒಂದು ಫೋಟೋ ಕೇಳಿ ಕಳಿಸಿದಾಗ, ಒಂದು ಭಾನುವಾರ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತೆ. ಹಳೆಯ ಫೋಟೋ ಇರಲಿಲ್ಲವೆಂದಲ್ಲ. ಆದರೆ ಇದನ್ನು ಅವಳೇ ಆರಿಸಿದ್ದಳು. ಮೊದಲು ಹಳದಿಯ ಗುಂಡಿಯನ್ನು ಮೇಲಕ್ಕೆ ಜಾರಿಸಿದೆ. ಅವಳ ಕಣ್ಣು ಬೆಳ್ಳಗಾಯಿತು. ಮಿರಜಿನ ಔಷಧದಿಂದ ಆಗದೆ ಇದ್ದದ್ದು ಅಷ್ಟು ಸುಲಭವಾಗಿ ಆಗಿಹೋಯಿತು. ಇನ್ನು ಮುಖ, ಕೆಂಪನ್ನು ಏರಿಸಿದೆ. ಕೆನ್ನೆಗೆ ಬೆಳಕು ಬಂತು, ಕಣ್ಣ ಕೆಳಗಿನ ಕಪ್ಪು ತಿಳಿಯಾಯಿತು, ಬತ್ತಿದ ಗಲ್ಲ ತುಂಬಿಕೊಂಡ ಹಾಗಾಯಿತು. ಮತ್ತಷ್ಟು ಏರಿಸಿದೆ. ಆರಾಮಾಗಿದ್ದ ಸುನಂದಾ ಮೆಟ್ಟಿಲ ಮೇಲೆ ಕೂತು ನನ್ನನ್ನು ನೋಡಿ ನಗುತ್ತಿದ್ದಳು. ಆ ಕಣ್ಣು, ಆ ಕೆನ್ನೆ ಬಿಟ್ಟು ನಾನು ಬೇರೇನನ್ನೂ ನೋಡಲಿಲ್ಲ. ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಸದಲಗಾಕ್ಕೆ ಹೋದೆ.

ಅತ್ತೆಯವರು ಮಗ ಬಾಳು ಮತ್ತು ಸೊಸೆಯ ಜೊತೆ ಇರುತ್ತಾರೆ. ನಾನು ಹೋದಾಗ ಸೊಸೆ ಡೇರಿಗೆ ಹಾಲು ಹಾಕಲು ಹೋಗಿದ್ದಳು. ಅತ್ತೆಯವರು ಪಂಚೆ ಬಿಚ್ಚಿ, ಗಾಜನ್ನು ಸೆರಗಿನಿಂದ ಒರೆಸಿ, ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡರು. ಬಹಳ ಹೊತ್ತು ನೋಡಿದರು. "ಆರಾಮ ಆದಾಕಿ ಹಂಗ ಕಾಣತಾಳ" ಎಂದರು. ನನಗೆ ಅಷ್ಟೇ ಬೇಕಾಗಿತ್ತು. ಸುನಂದಾ ವಹಿಸಿದ ಕೆಲಸ ಮುಗಿಯಿತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಅವರ ಬೆರಳು ಹಣೆಯ ಹತ್ತಿರ ಹೋಗಿ ನಿಂತಿತು. ಅಲ್ಲಿ ಧೂಳು ಕೂತಿದೆಯೇನೋ ಎಂಬಂತೆ ಗಾಜನ್ನು ಮತ್ತೊಮ್ಮೆ ಒರೆಸಿದರು.

"ಕುಂಕುಮ ಎಲ್ಲಿ ಹೋತ್ರಿ?"

ಬಗ್ಗಿ ನೋಡಿದೆ. ಹಣೆ ಖಾಲಿ. ಮುಖಕ್ಕೆ ಕಳೆ ಬರಲೆಂದು ಕೆಂಪನ್ನು ಅಷ್ಟು ಏರಿಸಿದ್ದೆನಲ್ಲ, ಕುಂಕುಮವೂ ಕೆಂಪೇ. ಅದೂ ಏರಿ ಏರಿ ಬೆಳ್ಳಗಾಗಿ ಚರ್ಮದಲ್ಲಿ ಕರಗಿಹೋಗಿತ್ತು. ರೋಗ ತೆಗೆದ ಕೈಯೇ ಕುಂಕುಮವನ್ನೂ ತೆಗೆದಿತ್ತು. ನಾನು ಗುಂಡಿ, ಪಟ್ಟಿ, ಕೆಂಪು ಎಂದು ಏನೇನೋ ವಿವರಿಸತೊಡಗಿದೆ. ನನ್ನ ವಿದ್ಯಾರ್ಥಿಗಳು ಪಾಠ ಕೇಳುವ ಹಾಗೆ ಅತ್ತೆಯವರು ಕೇಳಿದರು, ಎಂದರೆ ಬೇರೆಲ್ಲೋ ನೋಡುತ್ತ.

"ನೀವು ಇನ್ನೂ ಅದೀರಲ್ರಿ" ಎಂದರು. "ನನ್ನ ಮುಂದ ಕುಂತೀರಿ. ಮತ್ತ ನನ್ನ ಮಗಳ ಹಣಿ ಯಾಕ ಬರೇದ ಆತು?"

ಸಿಟ್ಟಿನಿಂದ ಹೇಳಿದ್ದರೆ ಸಹಿಸಬಹುದಿತ್ತು. ಅವರು ನಿಜವಾಗಿಯೂ ತಿಳಿಯದೆ ಕೇಳಿದ್ದರು. ಸುನಂದಾಳನ್ನು ಕಳಿಸುವ ದಿನ ಓಣಿಯ ಹೆಂಗಸರು ಅವಳ ಹಣೆಯ ತುಂಬ ಕುಂಕುಮ ಬಳಿದಿದ್ದರು. ಮುತ್ತೈದೆಯಾಗಿ ಹೋದಳು ಎಂಬ ಒಂದು ಮಾತನ್ನು ಹಿಡಿದುಕೊಂಡೇ ಅತ್ತೆಯವರು ಆ ದಿನವನ್ನು ದಾಟಿದ್ದರು. ಅವರಿಗೆ ಉಳಿದಿದ್ದದ್ದು ಅಷ್ಟೇ, ಅದನ್ನೂ ನಾನು ಒರೆಸಿ ತಂದಿದ್ದೆ.

"ಕೊಡ್ರಿ, ತಿದ್ದಿ ತರತೀನಿ. ನಾಳೆನ ತರತೀನಿ" ಎಂದೆ.

"ಬ್ಯಾಡ್ರಿ. ತವರಮನಿಗಿ ಬಂದಾಳ, ಮತ್ತ ಎಲ್ಲಿ ಕಳಸ್ಲಿ?" ಎಂದು ಫೋಟೋವನ್ನು ಎದೆಗೆ ಒತ್ತಿಕೊಂಡರು. ಆಮೇಲೆ ಬಾಳುವನ್ನು ಕರೆದು ಮೊಳೆ ಹೊಡೆಯಲು ಹೇಳಿದರು. ಅವನು ಏಣಿ ತಂದು ಹಿರಿಯರ ಸಾಲಿಗೆ ಹಚ್ಚಿದ. "ಅಷ್ಟ ಮ್ಯಾಲ ಬ್ಯಾಡ. ನನ್ನ ಕೈ ನಿಲಕೂ ಹಂಗ ಹೊಡಿ" ಎಂದರು. ಹೀಗೆ ಆ ಗೋಡೆಯಲ್ಲಿ ಸುನಂದಾಳೊಬ್ಬಳೇ ಕೆಳಗೆ ಬಂದಳು.

ಅತ್ತೆಯವರು ದೇವರ ಜಗಲಿಯಿಂದ ಕುಂಕುಮದ ಭರಣಿ ತಂದರು. ಮಾವನವರು ಹೋದ ಮೇಲೆ ಆ ಭರಣಿಯನ್ನು ಅವರು ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ಹಬ್ಬದಲ್ಲಿ ಯಾರಾದರೂ ಕುಂಕುಮ ತಂದರೆ ತಾವಾಗಿಯೇ ಬಾಗಿಲ ಹಿಂದೆ ಸರಿಯುವವರು ಅವರು. ಬಾಳು ಮೆಲ್ಲಗೆ, "ತಡಿ ಅವ್ವಾ, ಅಕಿ ಡೇರಿಯಿಂದ ಬರಲಿ, ಅಕಿ ಕಡಿಂದ ಹಚ್ಚಸೂನು" ಎಂದ. "ಅಕಿ ಬರೂತನಕ ನನ್ನ ಮಗಳು ಹಿಂಗ ನಿಂದರಬೇಕೇನು?" ಎಂದು ಅತ್ತೆಯವರು ಉಂಗುರಬೆರಳನ್ನು ಭರಣಿಯಲ್ಲದ್ದಿ, ಎಡಗೈಯಿಂದ ಕಟ್ಟು ಹಿಡಿದು, ಗಾಜಿನ ಮೇಲೆ ಹಣೆಯಿರುವ ಜಾಗಕ್ಕೆ ಕುಂಕುಮವಿಟ್ಟರು. ಸ್ವಲ್ಪ ಕೆಳಗೆ ಉದುರಿತು. ಅದನ್ನು ಯಾರೂ ಒರೆಸಲಿಲ್ಲ. ನಾನು ಸಣ್ಣ ಹುಡುಗನಂತೆ ಅತ್ತುಬಿಟ್ಟೆ.

ಈಗ ತಿಂಗಳಿಗೊಮ್ಮೆಯಾದರೂ ಸದಲಗಾಕ್ಕೆ ಹೋಗುತ್ತೇನೆ. ಅತ್ತೆಯವರು ದಿನವೂ ಹೊಸ ಕುಂಕುಮ ಇಡುತ್ತಾರೆ. ಆದರೆ ಒಂದು ತೊಡಕಿದೆ. ಕಟ್ಟು ಹಾಕಿದವನು ಗಾಜಿಗೂ ಫೋಟೋಕ್ಕೂ ನಡುವೆ ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದಾನೆ. ಅತ್ತೆಯವರು ಗಿಡ್ಡ, ನಾನು ಉದ್ದ. ಅವರ ಎತ್ತರಕ್ಕೆ ಹಣೆಯ ನಡುವೆ ಸರಿಯಾಗಿ ಕೂತ ಕುಂಕುಮ ನಾನು ನಿಂತು ನೋಡಿದರೆ ಕೆಳಗೆ ಸರಿದು ಮೂಗಿನ ಮೇಲಿರುತ್ತದೆ. ಮೊಣಕಾಲು ಮಡಚಿ, ಬೆನ್ನು ಬಾಗಿಸಿ, ನಿಧಾನವಾಗಿ ಕೆಳಗಿಳಿದರೆ ಅದು ಒಂದು ಹಂತಕ್ಕೆ ಬಂದು ಹಣೆಗೇರುತ್ತದೆ. ಆಗ ಕಣ್ಣು ಬೆಳ್ಳಗೆ, ಕೆನ್ನೆ ತುಂಬಿ, ಕುಂಕುಮ ಕೆಂಪಗೆ. ಅಲ್ಲಿಂದ ಅಲುಗಾಡಬಾರದು.

ಮೊನ್ನೆ ಹಾಗೆ ಬಗ್ಗಿ ನಿಂತಿದ್ದಾಗ ಬಾಳು ಹೊಲದಿಂದ ಬಂದ. ಅಕ್ಕನ ಗಂಡನಾದ ನನ್ನನ್ನು ಅವನು ಮರಾಠಿಯವರಂತೆ ದಾಜಿ ಎಂದೇ ಕರೆಯುತ್ತಾನೆ.

"ಕಾಲ ನೋಯಾಕತ್ತಾವೇನ್ರಿ ದಾಜಿ? ಕುರ್ಚಿ ತರ್ಲೇನು?"

"ಬ್ಯಾಡಪಾ" ಎಂದೆ. "ನಿಮ್ಮಕ್ಕ ಇಷ್ಟ ಎತ್ತರಕ್ಕ ಸಿಗತಾಳ."